ನಿಧಾನ ಇದ್ದಾಗ ಬಚಾವಾದ್ವಿ: ಭಾರತ-ಪಾಕ್ ಯುದ್ಧದ ಅಂಚಿಗೆ ಹೋಗಿ ವಾಪಸ್ ಬಂದ ಕಥೆ

2025ರ ಮೇ 10, ಶನಿವಾರ ಮಧ್ಯಾಹ್ನ 3.35ಕ್ಕೆ ಪಾಕಿಸ್ತಾನದ ಡಿಜಿಎಂಒ (ಸೇನಾ ಕಾರ್ಯಾಚರಣೆ ನೋಡ್ಕೊಳ್ಳೋ ಹಿರಿಯ ಅಧಿಕಾರಿ) ನಮ್ಮ ಡಿಜಿಎಂಒಗೆ ಫೋನ್ ಮಾಡಿದ್ರು, ಸಂಜೆ 5ರಿಂದ ನೆಲ, ಆಕಾಶ, ಸಮುದ್ರ ಎಲ್ಲಾ ಕಡೆ ಹೊಡೆದಾಟ ನಿಲ್ಲಿಸೋಣ ಅಂತ ಮಾತಾಯ್ತು. ಅದನ್ನ ನಮ್ಮವರು ಹೇಳೋಕೆ ಮುಂಚೆನೇ ಟ್ರಂಪ್ ಹೇಳಿಬಿಟ್ರು, ಆಮೇಲೆ ಕ್ರೆಡಿಟ್ ಯಾರಿಗೆ ಅನ್ನೋ ಜಗಳನೇ ದೊಡ್ಡದಾಯ್ತು. ಆ ಜಗಳ ಬಿಡಿ. ನನಗೆ ಇಂಟರೆಸ್ಟಿಂಗ್ ಅನ್ಸೋದು ಬೇರೆ ಲೆಕ್ಕ. ಮೇ 7ರ ರಾತ್ರಿ 1 ಗಂಟೆ ದಾಟಿದ್ಮೇಲೆ ಆಪರೇಷನ್ ಸಿಂಧೂರದಿಂದ ಶುರುವಾಗಿದ್ದು ಮೇ 10ರ ಸಂಜೆಗೆ ನಿಂತಿದೆ ಅಂದ್ರೆ ಒಟ್ಟು 88 ಗಂಟೆ. 2001-02ರಲ್ಲಿ ಇದೇ ಎರಡು ದೇಶ ಹತ್ತು ತಿಂಗಳು ಎದುರುಬದುರು ನಿಂತಿದ್ವು. 1987ರಲ್ಲಿ ವಾರಗಟ್ಟಲೆ. ಆವಾಗ ಎರಡೂ ಕಡೆ ಯೋಚನೆ ಮಾಡೋಕೆ ಟೈಮ್ ಇತ್ತು, ಸೈನ್ಯ ನಿಧಾನಕ್ಕೆ ಹೋಗ್ತಿತ್ತು, ಟ್ಯಾಂಕ್ ರೈಲಲ್ಲಿ ಹೋಗಬೇಕಿತ್ತು. ಎಷ್ಟೋ ಸಲ ಯುದ್ಧ ತಪ್ಪಿದ್ದು ನಾಯಕರ ದೊಡ್ಡತನದಿಂದ ಅಂತೀವಿ, ಆದ್ರೆ ಅರ್ಧ ಪುಣ್ಯ ಆ ನಿಧಾನಕ್ಕೆ ಸೇರಬೇಕು.

1986ರ ಕೊನೆಯಿಂದ ಶುರು ಮಾಡೋಣ. ರಾಜೀವ್ ಗಾಂಧಿ ಪ್ರಧಾನಿ, ಜನರಲ್ ಸುಂದರ್‌ಜಿ ಸೇನಾ ಮುಖ್ಯಸ್ಥರು. ರಾಜಸ್ಥಾನದಲ್ಲಿ ಆಪರೇಷನ್ ಬ್ರಾಸ್‌ಟ್ಯಾಕ್ಸ್ ಅಂತ ಸಮರಾಭ್ಯಾಸ. ಅಭ್ಯಾಸ ಅಂದ್ರೆ ನೂರಿನ್ನೂರು ಜನ ಅಲ್ಲ, ಲಕ್ಷಗಟ್ಟಲೆ ಸೈನಿಕರು, ಟ್ಯಾಂಕ್ ಡಿವಿಷನ್‌ಗಳು, ಅದೂ ಪಾಕಿಸ್ತಾನದ ಸಿಂಧ್ ಪ್ರಾಂತ್ಯದ ಎದುರಿಗೆ. ಪಾಕಿಸ್ತಾನ ಏನ್ಮಾಡ್ತು ಅಂದ್ರೆ ತನ್ನ ಚಳಿಗಾಲದ ಅಭ್ಯಾಸ ಮುಗಿದ ಮೇಲೂ ಸೈನ್ಯನ ಬ್ಯಾರಕ್‌ಗೆ ಕಳಿಸಲಿಲ್ಲ, ಉಲ್ಟಾ ತನ್ನ ಮೀಸಲು ಪಡೆಗಳನ್ನ ಪಂಜಾಬ್ ಗಡಿ ಹತ್ರ ತಂದು ನಿಲ್ಲಿಸ್ತು. ಆಗ ಪಂಜಾಬ್ ಪರಿಸ್ಥಿತಿ ಹೆಂಗಿತ್ತು ಅಂತ ಹೇಳಬೇಕಾಗಿಲ್ಲ, ಖಾಲಿಸ್ತಾನ ಗಲಾಟೆ ಜೋರಾಗಿತ್ತು. 1987ರ ಜನವರಿಯಲ್ಲಿ ನಾವು ಗಾಬರಿಯಾಗಿ ವಿಮಾನದಲ್ಲಿ ಸೈನಿಕರನ್ನ ಪಂಜಾಬ್‌ಗೆ ಇಳಿಸಿದ್ವಿ. ಇವರು ಅಭ್ಯಾಸ ಅಂತಿದ್ದಾರೆ, ಅವರು ದಾಳಿ ಅಂತ ಓದ್ತಿದ್ದಾರೆ, ಅವರು ರಕ್ಷಣೆ ಅಂತ ಮಾಡಿದ್ದನ್ನ ಇವರು ದಾಳಿ ಅಂತ ಓದ್ತಿದ್ದಾರೆ.

ಇದರ ಮಧ್ಯೆ ಒಂದು ತಮಾಷೆ ನೋಡಿ. ಜನವರಿ 20ಕ್ಕೆ ರಾಜೀವ್ ಗಾಂಧಿ ಪ್ರೆಸ್ ಮೀಟಲ್ಲಿ ಕೂತು, ವಿದೇಶಾಂಗ ಕಾರ್ಯದರ್ಶಿ ಎ.ಪಿ. ವೆಂಕಟೇಶ್ವರನ್ ಅಲ್ಲೇ ಕೂತಿರೋವಾಗ, ಸದ್ಯದಲ್ಲೇ ಹೊಸ ಕಾರ್ಯದರ್ಶಿ ಬರ್ತಾರೆ ಅಂದುಬಿಟ್ರು, ಅವರು ರಾಜೀನಾಮೆ ಕೊಟ್ಟು ಎದ್ದು ಹೋದ್ರು. ಯುದ್ಧ ಆಗುತ್ತೋ ಇಲ್ವೋ ಅನ್ನೋ ವಾರದಲ್ಲಿ ಪಾಕಿಸ್ತಾನದ ಜೊತೆ ಮಾತಾಡಬೇಕಾದ ಕುರ್ಚಿಯಲ್ಲಿ ಹಂಗಾಮಿ ಅಧಿಕಾರಿ! ಆದ್ರೂ ಆ ಹಂಗಾಮಿ ಅಧಿಕಾರಿ ಆಲ್ಫ್ರೆಡ್ ಗೊನ್ಸಾಲ್ವಿಸ್ ಮತ್ತು ಪಾಕಿಸ್ತಾನದ ವಿದೇಶಾಂಗ ಕಾರ್ಯದರ್ಶಿ ಅಬ್ದುಲ್ ಸತ್ತಾರ್ ದೆಹಲಿಯಲ್ಲಿ ಕೂತು ಫೆಬ್ರವರಿ 4ಕ್ಕೆ ಒಪ್ಪಂದ ಮಾಡ್ಕೊಂಡ್ರು, ಹಂತ ಹಂತವಾಗಿ ಸೈನ್ಯ ಹಿಂದಕ್ಕೆ ಹೋಯ್ತು. ಅದೇ ತಿಂಗಳು ಪಾಕಿಸ್ತಾನದ ಅಧ್ಯಕ್ಷ ಜಿಯಾ ಉಲ್ ಹಕ್ ಜೈಪುರಕ್ಕೆ ಟೆಸ್ಟ್ ಮ್ಯಾಚ್ ನೋಡೋಕೆ ಅಂತ ಬಂದು ಕೂತ್ರು. ಆವಾಗ ರಾಜೀವ್ ಕಿವಿಯಲ್ಲಿ ಅಣುಬಾಂಬಿನ ಬಗ್ಗೆ ಏನೋ ಹೇಳಿ ಬೆವರಿಳಿಸಿದ್ರು ಅನ್ನೋ ಕಥೆ ವಾಟ್ಸಾಪಲ್ಲಿ ಇವತ್ತಿಗೂ ಓಡಾಡುತ್ತೆ, ನಂಬೋಕೆ ಹೋಗಬೇಡಿ. ಬಾಂಬಿನ ಮಾತು ಬಂದಿದ್ದಂತೂ ನಿಜ, ಆದ್ರೆ ಅದು ಪಾಕಿಸ್ತಾನದ ಅಣುವಿಜ್ಞಾನಿ ಎ.ಕ್ಯೂ. ಖಾನ್ ಬಾಯಲ್ಲಿ. ಜನವರಿ ಕೊನೆಗೆ ಪತ್ರಕರ್ತ ಕುಲದೀಪ್ ನಯ್ಯರ್‌ಗೆ ಆತ ಇಂಟರ್‌ವ್ಯೂ ಕೊಟ್ಟ, ಅದು ಲಂಡನ್ನಿನ ಪೇಪರಲ್ಲಿ ಪ್ರಿಂಟ್ ಆಗಿದ್ದು ಮಾರ್ಚ್ 1ಕ್ಕೆ. ಅಣ್ವಸ್ತ್ರದ ಬೆದರಿಕೆ ಅಚ್ಚಾಗೋ ಹೊತ್ತಿಗೆ ಜಗಳನೇ ತಣ್ಣಗಾಗಿತ್ತು. ಅದೇ ಮಾತು ಇವತ್ತು ಹೇಳಿದ್ರೆ ಎರಡು ನಿಮಿಷಕ್ಕೆ ಬ್ರೇಕಿಂಗ್ ನ್ಯೂಸು.

ಆ ಭಯದಿಂದ ಕೆಲವು ಒಳ್ಳೆ ಕಾಗದಪತ್ರ ಹುಟ್ಟಿದ್ವು. ಅಣು ಸ್ಥಾವರಗಳ ಮೇಲೆ ಪರಸ್ಪರ ದಾಳಿ ಮಾಡಬಾರದು ಅಂತ 1988ರ ಡಿಸೆಂಬರ್ 31ಕ್ಕೆ ಇಸ್ಲಾಮಾಬಾದಲ್ಲಿ ಸಹಿ ಆಯ್ತು, 1992ರಿಂದ ಪ್ರತಿ ಜನವರಿ 1ಕ್ಕೆ ಎರಡೂ ಕಡೆಯವರು ತಮ್ಮ ತಮ್ಮ ಸ್ಥಾವರಗಳ ಪಟ್ಟಿ ಬದಲಾಯಿಸ್ಕೋತಾರೆ. ಅಂದ್ರೆ ನಮ್ಮ ಉತ್ತರ ಕನ್ನಡದ ಕಾಳಿ ನದಿ ದಡದಲ್ಲಿರೋ ಕೈಗಾದಂಥ ವಿದ್ಯುತ್ ಸ್ಥಾವರನ ಮುಟ್ಟಲ್ಲ ಅಂತ ಪಾಕಿಸ್ತಾನ ಬರೆದುಕೊಟ್ಟ ಕಾಗದ ಇದೆ, ಕಾರ್ಗಿಲ್ ನಡೆದ ಮೇಲೂ, ಪಾರ್ಲಿಮೆಂಟ್ ದಾಳಿ ನಡೆದ ಮೇಲೂ ಆ ಪಟ್ಟಿ ತಪ್ಪದೆ ಹೋಗಿದೆ ಬಂದಿದೆ. 1991ರಲ್ಲಿ ಇನ್ನೆರಡು ಒಪ್ಪಂದ. ದೊಡ್ಡ ಸಮರಾಭ್ಯಾಸ ಇದ್ರೆ ಮೊದಲೇ ಹೇಳಬೇಕು, ಯುದ್ಧವಿಮಾನ ಗಡಿಯಿಂದ 10 ಕಿ.ಮೀ. ಒಳಗೆ ಹಾರಬಾರದು. 1971ರ ಯುದ್ಧದ ನಂತರ ಹಾಕಿದ್ದ ಡಿಜಿಎಂಒ ಹಾಟ್‌ಲೈನ್ ವಾರಕ್ಕೊಂದ್ಸಲ, ಮಂಗಳವಾರ, ಮಾತಾಡೋ ಅಭ್ಯಾಸಕ್ಕೆ ಬಂತು. ಕೇಳೋಕೆ ಗುಮಾಸ್ತರ ಕೆಲಸ ಥರ ಇದೆ, ಆದ್ರೆ ಉಪಯೋಗಕ್ಕೆ ಬಂದಿದ್ದು ಇಂಥವೇ.

1998ರ ಮೇ ತಿಂಗಳಲ್ಲಿ ಪೋಖ್ರಾನ್‌ನಲ್ಲಿ ನಮ್ಮ ಅಣುಪರೀಕ್ಷೆ, ಅದರ ಹಿಂದೆನೇ ಚಾಗೈಯಲ್ಲಿ ಪಾಕಿಸ್ತಾನದ್ದು. 1999ರ ಫೆಬ್ರವರಿಯಲ್ಲಿ ವಾಜಪೇಯಿ ಬಸ್ಸಲ್ಲಿ ಲಾಹೋರಿಗೆ ಹೋದ್ರು. ಮೇ ತಿಂಗಳಿಗೆ ಕಾರ್ಗಿಲ್ ಬೆಟ್ಟದ ಮೇಲೆ ಪಾಕಿಸ್ತಾನಿಗಳು ಬಂಕರ್ ಕಟ್ಕೊಂಡು ಕೂತಿರೋದು ಗೊತ್ತಾಯ್ತು.

ಕಾರ್ಗಿಲ್ ಬಗ್ಗೆ ಸ್ವಲ್ಪ ನಿಲ್ಲಬೇಕು, ಯಾಕಂದ್ರೆ ಸಂಯಮ ಅಂದ್ರೆ ಏನು, ಅದರ ರೇಟ್ ಎಷ್ಟು ಅನ್ನೋದು ಅಲ್ಲಿ ಕಣ್ಣಿಗೆ ಕಾಣುತ್ತೆ. ವಾಯುಪಡೆ ಬಳಸೋಕೆ ಸರ್ಕಾರ ಒಪ್ತು, ಆದ್ರೆ ಎಲ್‌ಒಸಿ (ಕಾಶ್ಮೀರದ ಗಡಿ ನಿಯಂತ್ರಣ ರೇಖೆ) ದಾಟಬಾರದು ಅಂತ ಕಟ್ಟುನಿಟ್ಟು ಆರ್ಡರ್. ಬೆಟ್ಟದ ಸಾಲು ಎಲ್‌ಒಸಿಗೆ ಅಂಟ್ಕೊಂಡಿದೆ, ಜೆಟ್ ವಿಮಾನ ತಿರುಗೋಕೇ ಕಿಲೋಮೀಟರ್‌ಗಟ್ಟಲೆ ಜಾಗ ಬೇಕು, ಹಿಂದಿನಿಂದ ಬರೋ ಸಪ್ಲೈ ರಸ್ತೆಗೆ ಹೊಡೆಯೋ ಹಂಗಿಲ್ಲ, ಬೇಕಾದ ದಿಕ್ಕಿಂದ ಬಂದು ಬಾಂಬ್ ಹಾಕೋ ಹಂಗಿಲ್ಲ. ಮೇ 27ಕ್ಕೆ ಒಂದು ಮಿಗ್-27, ಒಂದು ಮಿಗ್-21 ಕಳ್ಕೊಂಡ್ವಿ, ಪೈಲಟ್ ನಚಿಕೇತ ಸೆರೆ ಸಿಕ್ರು, ಪೈಲಟ್ ಅಜಯ್ ಅಹುಜಾ ಸತ್ರು, ಮಾರನೇ ದಿನ ಒಂದು ಎಂಐ-17 ಹೆಲಿಕಾಪ್ಟರ್. ಆಮೇಲೆ ಮಿರಾಜ್‌ಗಳು ಎತ್ತರದಿಂದ ಲೇಸರ್ ಬಾಂಬ್ ಹಾಕೋಕೆ ಶುರು ಮಾಡಿದ್ವು. ಕೆಳಗೆ ಕಾಲಾಳುಗಳು ರಾತ್ರಿ ಹೊತ್ತು, ಹದಿನಾರು ಸಾವಿರ ಅಡಿ ಎತ್ತರದಲ್ಲಿ, ಮೇಲಿಂದ ಮೆಷಿನ್ ಗನ್ ಹೊಡೀತಿರೋವಾಗ ಹಗ್ಗ ಹಿಡ್ಕೊಂಡು ಬಂಡೆ ಹತ್ತಿದ್ರು. ಸತ್ತವರು 527 ಜನ. ಎಲ್‌ಒಸಿ ದಾಟಿ ಹಿಂದಿನಿಂದ ಕತ್ತರಿಸಿದ್ರೆ ಇವರಲ್ಲಿ ಎಷ್ಟೋ ಜನ ಉಳೀತಿದ್ರು ಅನ್ನೋ ವಾದ ಸೈನ್ಯದಲ್ಲಿದ್ದವರೇ ಮಾಡ್ತಾರೆ, ಅದನ್ನ ತಳ್ಳಿ ಹಾಕೋಕಾಗಲ್ಲ. ಇನ್ನೊಂದು ಕಡೆ, ಗೆರೆ ದಾಟದೆ ಇದ್ದಿದ್ದಕ್ಕೇ ಪ್ರಪಂಚ ನಮ್ಮ ಕಡೆ ನಿಂತಿದ್ದು, ಜುಲೈ 4ಕ್ಕೆ ನವಾಜ್ ಷರೀಫ್ ವಾಷಿಂಗ್ಟನ್‌ಗೆ ಓಡಿಹೋಗಿ ಕ್ಲಿಂಟನ್ ಹತ್ರ ಸೈನ್ಯ ವಾಪಸ್ ತಗೋತೀವಿ ಅನ್ಬೇಕಾಗಿದ್ದು. ನಾನು ಎರಡನೇ ಕಡೆಗೇ ವಾಲ್ತೀನಿ, ಆದ್ರೆ ಬಂಡೆ ಹತ್ತಿದವನ ಮನೆಯವರ ಮುಂದೆ ಅಷ್ಟು ಸುಲಭಕ್ಕೆ ಹೇಳೋಕಾಗಲ್ಲ.

2001ರ ಡಿಸೆಂಬರ್ 13ಕ್ಕೆ ಪಾರ್ಲಿಮೆಂಟ್ ಮೇಲೆ ದಾಳಿ. ಆಪರೇಷನ್ ಪರಾಕ್ರಮ್ ಅಂತ ಸುಮಾರು ಐದು ಲಕ್ಷ ಸೈನಿಕರನ್ನ ಗಡಿಗೆ ಹೊರಡಿಸಿದ್ರು. ಆದ್ರೆ ದಾಳಿ ಮಾಡಬೇಕಾದ ಮೂರು ಸ್ಟ್ರೈಕ್ ಕೋರ್‌ಗಳು ಇದ್ದಿದ್ದೆಲ್ಲಿ? ಮಥುರಾ, ಅಂಬಾಲಾ, ಭೋಪಾಲ್. ಭೋಪಾಲಿಂದ ಟ್ಯಾಂಕ್‌ಗಳನ್ನ ರೈಲಿಗೆ ಹತ್ತಿಸಿ ರಾಜಸ್ಥಾನದ ಮರಳಿಗೆ ಇಳಿಸೋ ಅಷ್ಟರಲ್ಲಿ ಮೂರು ವಾರ. ಅಷ್ಟರಲ್ಲಿ ಪಾಕಿಸ್ತಾನನೂ ರೆಡಿ, ಅಮೆರಿಕನೂ ಮಧ್ಯೆ ಬಂತು, ಜನವರಿ 12ಕ್ಕೆ ಮುಷರಫ್ ಟಿವಿಯಲ್ಲಿ ಭಯೋತ್ಪಾದನೆಗೆ ನಮ್ಮ ನೆಲ ಬಳಸೋಕೆ ಬಿಡಲ್ಲ ಅಂತ ಭಾಷಣ ಮಾಡಿದ್ರು. ಮೇ 14ಕ್ಕೆ ಜಮ್ಮು ಹತ್ರದ ಕಾಲೂಚಕ್‌ನಲ್ಲಿ ಉಗ್ರರು ಸೈನಿಕರ ಹೆಂಡತಿ ಮಕ್ಕಳನ್ನ ಕೊಂದಾಗ ಮತ್ತೆ ಯುದ್ಧ ಆಗೇ ಆಗುತ್ತೆ ಅನ್ನೋ ಸ್ಥಿತಿ.

ಬೆಂಗಳೂರಿಗೆ ಬಿಸಿ ತಟ್ಟಿದ್ದು ಆಗಲೇ. ಮೇ ಕೊನೆಗೆ ಅಮೆರಿಕ ತನ್ನ ಜನಕ್ಕೆ ಭಾರತ ಬಿಟ್ಟು ಹೊರಡಿ ಅಂತ ಸಲಹೆ ಕೊಡ್ತು. ಬೆಂಗಳೂರಿನ ಐಟಿ ಕಂಪನಿಗಳ ಫಾರಿನ್ ಕ್ಲೈಂಟ್‌ಗಳು ವಿಸಿಟ್ ಕ್ಯಾನ್ಸಲ್ ಮಾಡೋಕೆ ಶುರು ಮಾಡಿದ್ರು, ಯುದ್ಧ ಆದ್ರೆ ನಮ್ಮ ಕೆಲಸ ಯಾರು ಮಾಡ್ತಾರೆ, ಬೇರೆ ದೇಶದಲ್ಲಿ ಬ್ಯಾಕಪ್ ಇದೆಯಾ ಅಂತ ಪ್ರಶ್ನೆ, ಕಂಪನಿಯವರು ಈ ಆತಂಕನ ದೆಹಲಿಗೂ ಮುಟ್ಟಿಸಿದ್ರು. ಐಟಿಯವರೇ ಯುದ್ಧ ನಿಲ್ಲಿಸಿದ್ರು ಅಂತ ಆಮೇಲೆ ಬರೆದವರೂ ಇದ್ದಾರೆ, ಅದು ಜಾಸ್ತಿಯಾಯ್ತು. ಗಡಿಯಿಂದ ಅಷ್ಟು ದೂರದ ಊರಿಗೂ ಯುದ್ಧದ ಬಿಲ್ ಬರುತ್ತೆ ಅಂತ ಮೊದಲ ಸಲ ಗೊತ್ತಾಗಿದ್ದು ಮಾತ್ರ ನಿಜ. ಅಕ್ಟೋಬರ್‌ನಲ್ಲಿ ಸೈನ್ಯ ವಾಪಸ್ ಬಂತು. ಒಂದು ಗುಂಡಿನ ಯುದ್ಧನೂ ಆಗದೆ, ಮೈನ್ ಹೂಳೋವಾಗ ತೆಗೆಯೋವಾಗ, ಅಪಘಾತಗಳಲ್ಲಿ, ನೂರಾರು ಸೈನಿಕರು ಸತ್ತಿದ್ರು.

ಪರಾಕ್ರಮ್‌ನಿಂದ ನಮ್ಮ ಸೈನ್ಯ ಕಲಿತ ಪಾಠ ಏನು ಗೊತ್ತಾ, ಆ ಮೂರು ವಾರ ವೇಸ್ಟ್ ಆಯ್ತು, ಮುಂದಿನ ಸಲ ಬೇಗ ಹೊಡೀಬೇಕು ಅನ್ನೋದು. 2004ರಲ್ಲಿ ಕೋಲ್ಡ್ ಸ್ಟಾರ್ಟ್ ಅನ್ನೋ ಯೋಚನೆ ಬಂತು, ಸಣ್ಣ ಸಣ್ಣ ತುಕಡಿಗಳು ಗಡಿ ಹತ್ರನೇ ಇದ್ದು ಕೆಲವೇ ದಿನದಲ್ಲಿ ಒಳಗೆ ನುಗ್ಗೋದು. ಅದಕ್ಕೆ ಉತ್ತರ ಅಂತ ಪಾಕಿಸ್ತಾನ 2011ರಲ್ಲಿ ನಸ್ರ್ ಅನ್ನೋ 60 ಕಿ.ಮೀ. ರೇಂಜಿನ ಪುಟ್ಟ ಮಿಸೈಲ್ ಟೆಸ್ಟ್ ಮಾಡಿ, ಇದರಲ್ಲಿ ಅಣ್ವಸ್ತ್ರನೂ ಇಡ್ತೀವಿ ಅಂತು. ಮಿಲಿಟರಿ ಲೆಕ್ಕದಲ್ಲಿ ಎರಡೂ ಸರಿನೇ ಇರಬಹುದು. ಆದ್ರೆ ಇಬ್ಬರೂ ಸೇರಿ ಕಿತ್ತು ಬಿಸಾಕಿದ್ದು ಆ ನಿಧಾನನ. ಇಳಿಜಾರಲ್ಲಿ ಹೋಗೋ ಲಾರಿಗೆ ಎಂಜಿನ್ ದೊಡ್ಡದು ಹಾಕ್ಸಿ ಬ್ರೇಕ್ ಬಿಚ್ಚಿಟ್ಟ ಹಂಗೆ.

2008ರ ನವೆಂಬರ್ 26. ಮುಂಬೈಯಲ್ಲಿ 166 ಜನ ಸತ್ರು, ಬೆಂಗಳೂರಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ತಾಜ್ ಒಳಗೆ ಹುತಾತ್ಮರಾದ್ರು. ಎರಡೇ ದಿನಕ್ಕೆ ಪಾಕಿಸ್ತಾನದ ಅಧ್ಯಕ್ಷ ಜರ್ದಾರಿಗೆ ಫೋನ್ ಬರುತ್ತೆ, ನಾನು ಭಾರತದ ವಿದೇಶಾಂಗ ಸಚಿವ ಪ್ರಣಬ್ ಮುಖರ್ಜಿ, ಸುಮ್ಮನಿರಲ್ಲ, ಯುದ್ಧ ಮಾಡ್ತೀವಿ ಅಂತ ಬೆದರಿಕೆ. ಪಾಕಿಸ್ತಾನದ ವಾಯುಪಡೆ ಹೈ ಅಲರ್ಟ್‌ಗೆ ಹೋಯ್ತು. ಅಮೆರಿಕದ ವಿದೇಶಾಂಗ ಸಚಿವೆ ಕಾಂಡೊಲೀಜಾ ರೈಸ್ ಪ್ರಣಬ್ ಅವರನ್ನ ಹುಡುಕಿ ಕೇಳಿದ್ರೆ, ನಾನು ಫೋನೇ ಮಾಡಿಲ್ಲ ಅಂದ್ರು! ಯಾರೋ ಹುಸಿ ಕರೆ ಮಾಡಿದ್ದು. ಅದು ಸುಳ್ಳು ಅಂತ ಗೊತ್ತಾಗೋಕೆ ಬೇಕಾದಷ್ಟು ಟೈಮ್ ಆಗ ಇತ್ತು. ಮನಮೋಹನ್ ಸಿಂಗ್ ಸರ್ಕಾರ ದಾಳಿ ಮಾಡಲಿಲ್ಲ, ಮೊದಲು ಪ್ರತಿದಾಳಿ ಬೇಕು ಅಂದಿದ್ದ ವಿದೇಶಾಂಗ ಕಾರ್ಯದರ್ಶಿ ಶಿವಶಂಕರ್ ಮೆನನ್, ಮಾಡದೆ ಇದ್ದಿದ್ದೇ ಸರಿಯಾಯ್ತು ಅಂತ ಆಮೇಲೆ ಬರೆದಿದ್ದಾರೆ. ಜನ ಒಪ್ಪಲಿಲ್ಲ. ಆ ಸಿಟ್ಟು ಒಳಗೇ ಇತ್ತು.

2016ರಲ್ಲಿ ಉರಿ ದಾಳಿ ಆದ್ಮೇಲೆ ಸರ್ಜಿಕಲ್ ಸ್ಟ್ರೈಕ್. ಕಾರ್ಗಿಲ್‌ನಲ್ಲಿ ದಾಟದ ಗೆರೆನ ದಾಟಿದ್ವಿ, ಸೆಪ್ಟೆಂಬರ್ 29ಕ್ಕೆ ಡಿಜಿಎಂಒ ಬಂದು ಪಬ್ಲಿಕ್ಕಾಗಿ ಹೇಳಿದ್ರು. ಪಾಕಿಸ್ತಾನ ಏನಂತು? ಅಂಥದ್ದೇನೂ ನಡೆದೇ ಇಲ್ಲ. ಆ ಸುಳ್ಳೇ ಒಂದು ಥರ ಸಂಯಮ, ನಡೆದೇ ಇಲ್ಲ ಅಂದ್ಮೇಲೆ ಸೇಡು ಯಾಕೆ. 2019ರ ಫೆಬ್ರವರಿಯಲ್ಲಿ ಆ ದಾರಿನೂ ಮುಚ್ಚಿತು. ಪುಲ್ವಾಮಾದಲ್ಲಿ 40 ಸಿಆರ್‌ಪಿಎಫ್ ಯೋಧರು ಸತ್ರು, ನಮ್ಮ ಮಂಡ್ಯದವರೂ ಒಬ್ಬರು. ಫೆಬ್ರವರಿ 24ಕ್ಕೆ ಯಲಹಂಕದಲ್ಲಿ ಏರೋ ಇಂಡಿಯಾ ಮುಗೀತು, 26ರ ಬೆಳಗಿನ ಜಾವ ಮಿರಾಜ್‌ಗಳು ಬಾಲಾಕೋಟ್ ಮೇಲಿದ್ವು. ಇದು ಮಿಲಿಟರಿ ಗುರಿ ಅಲ್ಲ ಅಂತ ವಿದೇಶಾಂಗ ಕಾರ್ಯದರ್ಶಿ ಅಳೆದು ತೂಗಿ ಹೇಳಿಕೆ ಓದಿದ್ರು. ಮಾರನೇ ದಿನ ಪಾಕಿಸ್ತಾನದ ವಿಮಾನ ಬಂದ್ವು, ಅಭಿನಂದನ್ ಸೆರೆಯಾದ್ರು. ಅದೇ ಬೆಳಿಗ್ಗೆ ಶ್ರೀನಗರದ ಹತ್ರ ಬಡ್ಗಾಮ್‌ನಲ್ಲಿ ನಮ್ಮದೇ ಮಿಸೈಲ್ ನಮ್ಮದೇ ಎಂಐ-17 ಹೆಲಿಕಾಪ್ಟರ್ ಹೊಡೀತು, ಒಳಗಿದ್ದ ಆರು ಜನ, ಕೆಳಗಿದ್ದ ಒಬ್ಬರು ಸತ್ರು. ಶತ್ರುನಾ ನಮ್ಮವನಾ ಅಂತ ತೀರ್ಮಾನ ಮಾಡೋಕೆ ಇದ್ದಿದ್ದು ನಿಮಿಷಗಳು. ಮಾರ್ಚ್ 1ಕ್ಕೆ ಅಭಿನಂದನ್ ವಾಘಾದಲ್ಲಿ ವಾಪಸ್ ಬಂದ್ರು, ಇಬ್ಬರೂ ಗೆದ್ವಿ ಅಂತ ಮನೆಗೆ ಹೋದ್ರು.

2022ರ ಮಾರ್ಚ್ 9ನ್ನ ಜನ ಮರೆತೇಬಿಟ್ಟಿದ್ದಾರೆ. ನಮ್ಮ ಒಂದು ಬ್ರಹ್ಮೋಸ್ ಮಿಸೈಲ್ ಆಕಸ್ಮಿಕವಾಗಿ ಹಾರಿಹೋಗಿ ಪಾಕಿಸ್ತಾನದ ಮಿಯಾಂ ಚನ್ನು ಅನ್ನೋ ಊರಿನ ಹತ್ರ ಬಿತ್ತು. ಸಿಡಿತಲೆ ಇರಲಿಲ್ಲ, ಯಾರೂ ಸಾಯಲಿಲ್ಲ. ಇದು ತಪ್ಪಾಗಿ ಹೋಗಿದ್ದು ಅಂತ ನಾವು ಬಾಯಿಬಿಟ್ಟಿದ್ದು ಮಾರ್ಚ್ 11ಕ್ಕೆ, ಆಮೇಲೆ ಮೂವರು ಅಧಿಕಾರಿಗಳನ್ನ ವಜಾ ಮಾಡಿದ್ರು. ಹಾಟ್‌ಲೈನ್ ಇರೋದು ಇಂಥದಕ್ಕಲ್ದೆ ಇನ್ಯಾವುದಕ್ಕೆ ಸ್ವಾಮಿ? ಅವತ್ತು ಗಡಿಯಲ್ಲಿ ಟೆನ್ಷನ್ ಇರಲಿಲ್ಲ, ಅದಕ್ಕೇ ಪಾಕಿಸ್ತಾನ ಸುಮ್ಮನಿತ್ತು. ಇದೇ ಮಿಸೈಲ್ 2019ರ ಫೆಬ್ರವರಿ 27ರ ರಾತ್ರಿ ಹೋಗಿದ್ದಿದ್ರೆ ಯೋಚನೆ ಮಾಡಿ.

2025ರ ಏಪ್ರಿಲ್ 22ಕ್ಕೆ ಪಹಲ್ಗಾಮ್‌ನಲ್ಲಿ 26 ಜನರನ್ನ ಕೊಂದ್ರು, ಅದರಲ್ಲಿ ಶಿವಮೊಗ್ಗದವರು, ಬೆಂಗಳೂರಲ್ಲಿದ್ದವರೂ ಇದ್ರು. ಮೇ 7ಕ್ಕೆ ಆಪರೇಷನ್ ಸಿಂಧೂರ, ಒಂಬತ್ತು ಜಾಗ, ಅದರಲ್ಲಿ ಕೆಲವು ಈ ಸಲ ಪಾಕಿಸ್ತಾನದ ಪಂಜಾಬಿನ ಒಳಗೇ. ಸೇನಾ ನೆಲೆ ಮುಟ್ಟಿಲ್ಲ, ಜಗಳ ಬೆಳೆಸೋ ಉದ್ದೇಶ ಇಲ್ಲ ಅಂತ ಮೊದಲ ಹೇಳಿಕೆಯಲ್ಲೇ ಇತ್ತು. ಆ ರಾತ್ರಿ ವಿಮಾನ ಕಳ್ಕೊಂಡಿದ್ದನ್ನ ಆಗಿನ ರಕ್ಷಣಾ ಪಡೆಗಳ ಮುಖ್ಯಸ್ಥ (ಸಿಡಿಎಸ್) ಅನಿಲ್ ಚೌಹಾಣ್ ತಿಂಗಳ ಕೊನೆಗೆ ಸಿಂಗಾಪುರದಲ್ಲಿ ಒಪ್ಕೊಂಡ್ರು, ಎಷ್ಟು ಅಂತ ಹೇಳಲಿಲ್ಲ. ಸೇನಾ ನೆಲೆಗೆ ಹೊಡೀಬೇಡಿ ಅನ್ನೋ ರಾಜಕೀಯ ಆದೇಶದಿಂದಲೇ ನಷ್ಟ ಆಯ್ತು ಅನ್ನೋ ಅರ್ಥದಲ್ಲಿ ಇಂಡೋನೇಷ್ಯಾದಲ್ಲಿದ್ದ ನಮ್ಮ ರಕ್ಷಣಾ ಅಧಿಕಾರಿ ಸೆಮಿನಾರಲ್ಲಿ ಮಾತಾಡಿದ್ರು, ಸಂದರ್ಭ ಬಿಟ್ಟು ಅರ್ಥ ಮಾಡ್ಕೊಂಡಿದ್ದೀರ ಅಂತ ರಾಯಭಾರ ಕಚೇರಿ ಹೇಳ್ತು. ಏನೇ ಇರಲಿ, ಕಾರ್ಗಿಲ್‌ನ ಅದೇ ವ್ಯಾಪಾರ, ಗೆರೆ ಹಾಕ್ಕೊಂಡ್ರೆ ಅದಕ್ಕೆ ಬೆಲೆ ಕೊಡಬೇಕು. ವ್ಯತ್ಯಾಸ ಏನಂದ್ರೆ ಕಾರ್ಗಿಲ್‌ನಲ್ಲಿ ಆ ಗೆರೆ ಎರಡು ತಿಂಗಳು ಉಳೀತು, ಇಲ್ಲಿ ಮೂರು ದಿನಕ್ಕೆ ಅಳಿಸಿಹೋಯ್ತು, ಮೇ 10ರ ಬೆಳಿಗ್ಗೆ ಹೊತ್ತಿಗೆ ನಾವು ರಾವಲ್ಪಿಂಡಿಯ ನೂರ್ ಖಾನ್ ಸೇರಿ ಅವರ ವಾಯುನೆಲೆಗಳಿಗೇ ಹೊಡೆದಾಗಿತ್ತು.

ಮುಂದಿನ ಸಲ ಮಾತಾಡೋಕೆ ಯಾರಿರ್ತಾರೆ ಅನ್ನೋದೂ ಇದೆ. 2019ರ ಆಗಸ್ಟ್‌ನಲ್ಲಿ ಕಾಶ್ಮೀರದ ವಿಶೇಷ ಸ್ಥಾನಮಾನ ತೆಗೆದ ಮೇಲೆ ಎರಡೂ ರಾಜಧಾನಿಯಲ್ಲಿ ಹೈಕಮಿಷನರ್‌ಗಳಿಗೆ ಜಾಗ ಇಲ್ಲದಂಗಾಯ್ತು, ಕೆಳಗಿನ ಅಧಿಕಾರಿಗಳೇ ನಡೆಸಬೇಕಾಯ್ತು. ಪಹಲ್ಗಾಮ್ ಆದ ಮಾರನೇ ದಿನ ಹೈಕಮಿಷನ್ ಸಿಬ್ಬಂದಿನ 55ರಿಂದ 30ಕ್ಕೆ ಇಳಿಸೋ ತೀರ್ಮಾನ ಬಂತು, ಪಾಕಿಸ್ತಾನನೂ ಅದನ್ನೇ ಮಾಡ್ತು. ಸೇನೆ, ನೌಕಾಪಡೆ, ವಾಯುಪಡೆಯ ಸಲಹೆಗಾರರು, ಅಂದ್ರೆ ಎದುರಿನವನ ಸೈನ್ಯ ಅಭ್ಯಾಸ ಮಾಡ್ತಿದೆಯೋ ದಾಳಿಗೆ ಹೊರಟಿದೆಯೋ ಅಂತ ಹತ್ರದಿಂದ ನೋಡಿ ಹೇಳಬೇಕಾದವರು, ಅವರನ್ನ ಎರಡೂ ಕಡೆಯವರು ಗಂಟುಮೂಟೆ ಕಟ್ಟಿಸಿ ವಾಪಸ್ ಕಳಿಸಿದ್ರು.