ಕ್ರಿಟಿಕಲ್ ಡಿಸ್ಟನ್ಸ್: ಸಂಗೀತ ಕಛೇರಿಯಲ್ಲಿ ಎಲ್ಲಿ ಕೂತರೆ ಏನು ಕೇಳಿಸುತ್ತದೆ?

ಟಿಕೆಟ್ ಕಾಯ್ದಿರಿಸಲು ಸೀಟುಗಳ ನಕ್ಷೆ ತೆರೆದರೆ ಹೆಚ್ಚಿನವರ ಬೆರಳು ಮೊದಲು ಓಡುವುದು ವೇದಿಕೆಗೆ ಹತ್ತಿರದ ಸಾಲುಗಳ ಕಡೆಗೆ. ದುಡ್ಡೂ ಸಾಮಾನ್ಯವಾಗಿ ಅಲ್ಲೇ ಜಾಸ್ತಿ. ಹತ್ತಿರವಾದಷ್ಟೂ ಚೆನ್ನ ಎಂಬ ಈ ಲೆಕ್ಕ ಕಣ್ಣಿನ ಮಟ್ಟಿಗೆ ಸರಿಯೇ. ಕಿವಿ ಅಷ್ಟು ಸಲೀಸಾಗಿ ಒಪ್ಪುವುದಿಲ್ಲ. ಯಾಕೆಂದು ತಿಳಿಯಲು ಧ್ವನಿವಿಜ್ಞಾನದ ಒಂದು ಪದವನ್ನು ಹಿಡಿದು ಹೊರಡಬಹುದು: ಕ್ರಿಟಿಕಲ್ ಡಿಸ್ಟನ್ಸ್.

ಸಭಾಂಗಣದಲ್ಲಿ ಒಂದೇ ಸ್ವರ ನಮ್ಮ ಕಿವಿಯನ್ನು ಎರಡು ಬಗೆಯಲ್ಲಿ ಮುಟ್ಟುತ್ತದೆ. ವಾದ್ಯದಿಂದಲೋ ಗಂಟಲಿನಿಂದಲೋ ಹೊರಟು ನೆಟ್ಟಗೆ ಬರುವುದು ನೇರ ಸದ್ದು. ಗೋಡೆ, ಚಾವಣಿ, ನೆಲಕ್ಕೆ ಬಡಿದು ಸುತ್ತಿ ಬಳಸಿ ಬರುವುದು ಪ್ರತಿಫಲಿತ ಸದ್ದು. ದೂರ ಇಮ್ಮಡಿಯಾದಾಗಲೆಲ್ಲ ನೇರ ಸದ್ದು ಸುಮಾರು 6 ಡೆಸಿಬೆಲ್ (ಸದ್ದಿನ ಮಟ್ಟದ ಅಳತೆ) ಇಳಿಯುತ್ತದೆ. ಪ್ರತಿಫಲಿತ ಸದ್ದು ಹಾಗಲ್ಲ, ಅದು ಸಭಾಂಗಣದ ತುಂಬ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಹರಡಿಕೊಂಡಿರುತ್ತದೆ. ವೇದಿಕೆಯಿಂದ ಹಿಂದೆ ಹಿಂದೆ ಸರಿಯುತ್ತ ಹೋದರೆ ಒಂದು ಕಡೆ ಎರಡೂ ಸಮ ಆಗುತ್ತವೆ. ಆ ದೂರವೇ ಕ್ರಿಟಿಕಲ್ ಡಿಸ್ಟನ್ಸ್. ಅದರ ಈಚೆಗೆ ಕೂತವರಿಗೆ ವಾದ್ಯದ್ದೇ ಸದ್ದು ಮೇಲುಗೈ, ಆಚೆಗೆ ಕೂತವರಿಗೆ ಕಟ್ಟಡದ್ದು.

ಹಾಗಾದರೆ ಆ ದೂರ ಎಷ್ಟು? ಸಭಾಂಗಣ ದೊಡ್ಡದಾದಷ್ಟೂ ಹೆಚ್ಚು, ಅನುರಣನ ಕಾಲ ಉದ್ದವಾದಷ್ಟೂ ಕಡಿಮೆ. ಸದ್ದು ನಿಂತ ಮೇಲೆ ಅದರ ಗುಂಗು 60 ಡೆಸಿಬೆಲ್ ಇಳಿಯಲು ಹಿಡಿಯುವ ಹೊತ್ತಿಗೆ ಅನುರಣನ ಕಾಲ ಎನ್ನುತ್ತಾರೆ. ಇದನ್ನು ಲೆಕ್ಕಕ್ಕೆ ಸಿಗುವಂತೆ ಮಾಡಿದವನು ಅಮೆರಿಕದ ಭೌತವಿಜ್ಞಾನಿ ವಾಲೆಸ್ ಸಾಬೀನ್. ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಉಪನ್ಯಾಸ ಕೋಣೆಯಲ್ಲಿ ಮಾತೇ ತಿಳಿಯುತ್ತಿಲ್ಲವೆಂಬ ದೂರನ್ನು ಪರಿಹರಿಸಲು 1895ರಲ್ಲಿ ಹೊರಟ ಆತ, ಪಕ್ಕದ ರಂಗಮಂದಿರದ ಸೀಟಿನ ಮೆತ್ತೆಗಳನ್ನು ಹೊತ್ತು ತಂದು ಹಾಸಿ, ರಾತ್ರಿಹೊತ್ತು ಆರ್ಗನ್ ವಾದ್ಯದ ಕೊಳವೆ ಊದಿಸಿ, ಗುಂಗು ಅಡಗುವ ಹೊತ್ತನ್ನು ಬರಿಗಿವಿಯಲ್ಲೇ ಅಳೆದ. 1900ರಲ್ಲಿ ತೆರೆದ ಬಾಸ್ಟನ್ ಸಿಂಫನಿ ಹಾಲ್ ಕಟ್ಟಿದ್ದು ಅವನ ಸಲಹೆಯಂತೆ.

ಈಗ ಲೆಕ್ಕಕ್ಕೆ ಬರೋಣ. 18,000 ಘನ ಮೀಟರ್ ಗಾತ್ರದ, 2 ಸೆಕೆಂಡ್ ಅನುರಣನ ಕಾಲದ ದೊಡ್ಡ ಸಂಗೀತ ಸಭಾಂಗಣವೊಂದನ್ನು ತೆಗೆದುಕೊಳ್ಳಿ. ಎಲ್ಲ ದಿಕ್ಕಿಗೂ ಸಮನಾಗಿ ಸದ್ದು ಬೀರುವ ವಾದ್ಯಕ್ಕೆ ಅಲ್ಲಿನ ಕ್ರಿಟಿಕಲ್ ಡಿಸ್ಟನ್ಸ್ ಬರೀ ಐದೂವರೆ ಮೀಟರ್! ದೊಡ್ಡ ವಾದ್ಯವೃಂದ ವೇದಿಕೆಯ ಮೇಲೆ ಹಿಂದೆ ಮುಂದೆ ಹರಡಿಕೊಳ್ಳುವ ಜಾಗವೇ ಇದಕ್ಕಿಂತ ಹೆಚ್ಚು. ಅಂದರೆ ಮುಂದಿನ ಕೆಲವು ಸಾಲು ಬಿಟ್ಟರೆ ಉಳಿದವರೆಲ್ಲ, ದುಬಾರಿ ಟಿಕೆಟ್ ಕೊಂಡವರೂ ಸೇರಿ, ಕಟ್ಟಡದ ಸದ್ದಿನಲ್ಲೇ ಮುಳುಗಿ ಕೂತಿರುತ್ತಾರೆ.

ಆದರೂ ಹದಿನೈದನೇ ಸಾಲಿಗೂ ಬಾಲ್ಕನಿಗೂ ವ್ಯತ್ಯಾಸ ಗೊತ್ತಾಗುತ್ತದಲ್ಲ? ಗೊತ್ತಾಗುತ್ತದೆ, ಯಾಕೆಂದರೆ ಪ್ರತಿಫಲಿತ ಸದ್ದು ಎಷ್ಟಿದೆ ಎನ್ನುವಷ್ಟೇ ಅದು ಯಾವಾಗ, ಯಾವ ಕಡೆಯಿಂದ ಬಂತು ಎನ್ನುವುದೂ ಮುಖ್ಯ. ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಗೋಡೆಗೆ ಬಡಿದು ಹತ್ತು ಮೀಟರ್ ಹೆಚ್ಚು ದಾರಿ ಸವೆಸಿದ ಸದ್ದು 30 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಹೆಲ್ಮುಟ್ ಹಾಸ್ ಎಂಬ ಜರ್ಮನ್ ವಿಜ್ಞಾನಿ 1949ರ ತನ್ನ ಪ್ರಬಂಧದಲ್ಲಿ ತೋರಿಸಿದಂತೆ, ಇಷ್ಟು ತಡವನ್ನು ಕಿವಿ ತಡವೆಂದೇ ಎಣಿಸುವುದಿಲ್ಲ. ಎರಡನ್ನೂ ಒಂದೇ ಸದ್ದಾಗಿ ಬೆಸೆದು, ದಿಕ್ಕನ್ನು ಮಾತ್ರ ಮೊದಲು ಬಂದದ್ದರಿಂದ ಗುರುತಿಸುತ್ತದೆ. ಹೀಗೆ ಬೇಗ ಬರುವ ಪ್ರತಿಫಲನಗಳು ಸಂಗೀತಕ್ಕೆ ಮೈ ತುಂಬುತ್ತವೆ. ತೀರ ತಡವಾಗಿ, ಜೋರಾಗಿ ಬಂದದ್ದು ಬೇರೆಯಾಗಿಯೇ ಕೇಳಿಸಿ ಕಿರಿಕಿರಿ ಮಾಡುತ್ತದೆ. ಸಭಾಂಗಣದ ಹಿಂಗೋಡೆಯಿಂದ ಮರಳುವ ಇಂಥ ಪ್ರತಿಧ್ವನಿ ಹೆಚ್ಚು ಕಾಡುವುದು ಹಿಂದಿನವರನ್ನಲ್ಲ, ಮುಂದಿನ ಸಾಲಿನವರನ್ನು. ಸದ್ದು ಹಿಂದಿನವರೆಗೆ ಹೋಗಿ ಅಷ್ಟೂ ದೂರ ವಾಪಸ್ ಬರಬೇಕಲ್ಲ.

ಪಕ್ಕದ ಗೋಡೆಗಳಿಂದ ಬರುವ ಪ್ರತಿಫಲನಕ್ಕೆ ಇನ್ನೊಂದು ಗುಣವಿದೆ. ಎಡ ಬಲ ಕಿವಿಗಳಿಗೆ ಅದು ಒಂದೇ ರೀತಿ ಮುಟ್ಟುವುದಿಲ್ಲವಾದ್ದರಿಂದ ಸಂಗೀತ ನಮ್ಮನ್ನು ಸುತ್ತುವರಿದಂತೆ ಅನಿಸುತ್ತದೆ. 1870ರಲ್ಲಿ ತೆರೆದ ವಿಯೆನ್ನಾದ ಮ್ಯೂಸಿಕ್‌ಫೆರೈನ್ ಸಭಾಂಗಣದ ಹೆಸರುವಾಸಿ ನಾದಕ್ಕೆ ಇದೊಂದು ಕಾರಣ. ಅದರ ಅಗಲ ಸುಮಾರು 19 ಮೀಟರ್ ಅಷ್ಟೇ, ಹಾಗಾಗಿ ಯಾರೂ ಗೋಡೆಯಿಂದ ದೂರವಿಲ್ಲ. ಬೀಸಣಿಗೆಯಂತೆ ಅಗಲವಾಗಿ ತೆರೆದುಕೊಳ್ಳುವ ಸಭಾಂಗಣದಲ್ಲಿ ಇದು ತಿರುಗುಮುರುಗು. ನಟ್ಟನಡುವಿನ ಸೀಟಿಗೆ ಪಕ್ಕದ ಗೋಡೆಗಳು ದೂರ, ಅಲ್ಲಿಂದ ಬರುವುದು ತಡ, ಬಂದರೂ ಸಪ್ಪೆ. ಮಧ್ಯದ ಸೀಟೇ ಯಾವಾಗಲೂ ಮೇಲು ಎನ್ನುವವರ ಮಾತನ್ನು ಇಂಥ ಕಡೆ ನಂಬಬೇಕಿಲ್ಲ.

ಮೈಕ್ ಇಲ್ಲದ ವಾದ್ಯವೃಂದಕ್ಕೆ ಮೊದಲ ಸಾಲು ನನ್ನ ಪ್ರಕಾರ ದಂಡ. ಎದುರಿಗಿರುವ ಪಿಟೀಲುಗಳ ಕಮಾನಿನ ಕೆರೆತವೂ ಕೇಳುತ್ತದೆ, ಅವುಗಳ ಹಿಂದೆ ಕೂತ ಕೊಳಲು, ಓಬೋ, ಕ್ಲಾರಿನೆಟ್‌ಗಳು ತಲೆಗಳ ಮರೆಯಲ್ಲಿ ಮಂಕಾಗುತ್ತವೆ. ಸ್ವಲ್ಪ ಹಿಂದಿನ, ನೆಲ ಸಪಾಟಾಗಿರುವ ಸಾಲುಗಳಲ್ಲಿ ಬೇರೊಂದು ತೊಡಕು. ಸದ್ದು ಸೀಟುಗಳ ಮೇಲೆ ಸವರಿಕೊಂಡು ಬರುವಾಗ ಸುಮಾರು 100ರಿಂದ 300 ಹರ್ಟ್ಸ್ ನಡುವಿನ ಭಾಗ, ಅಂದರೆ ದೊಡ್ಡ ಪಿಟೀಲಿನಂತಿರುವ ಚೆಲೋದಂಥ ವಾದ್ಯಗಳ ಬೆಚ್ಚನೆಯ ಮಂದ್ರ, ಚೆನ್ನಾಗಿ ಸೊರಗುತ್ತದೆ. 1964ರಲ್ಲಿ ಪ್ರಕಟವಾದ ಅಳತೆಗಳಿಂದ ಬೆಳಕಿಗೆ ಬಂದ ಇದಕ್ಕೆ ಸೀಟ್ ಡಿಪ್ ಎಂದು ಹೆಸರು. ಬಾಲ್ಕನಿಯಲ್ಲಿ ಕೂತವರಿಗೆ ಸದ್ದು ಮೇಲಿನಿಂದ ಬರುವುದರಿಂದ ಈ ಕಾಟ ಕಡಿಮೆ, ವಾದ್ಯಗಳ ತೂಕವೂ ಹದವಾಗಿ ಬೆರೆತಿರುತ್ತದೆ. ಬಾಲ್ಕನಿಯ ಮುಂದಿನ ಸಾಲು ಸಿಕ್ಕರೆ ನಾನು ಎರಡು ಸಲ ಯೋಚಿಸುವುದಿಲ್ಲ. ಆದರೆ ಬಾಲ್ಕನಿಯ ಕೆಳಗೆ, ಆಳದಲ್ಲಿರುವ ಸೀಟು ಬೇಡ. ಅಲ್ಲಿಗೆ ನೇರ ಸದ್ದು ಬರುತ್ತದೆ, ಮೇಲೆ ತೇಲುವ ಅನುರಣನ ಇಳಿಯುವುದಿಲ್ಲ; ಸಂಗೀತ ಬಾಗಿಲ ಸಂದಿಯಿಂದ ಬಂದಂತಿರುತ್ತದೆ. ಬಾಲ್ಕನಿ ಚಾಚಿದ ಆಳ ಅದರ ಕೆಳಗಿನ ಬಾಯಿಯ ಎತ್ತರವನ್ನು ಮೀರಬಾರದು ಎಂಬ ನಿಯಮವನ್ನು ವಿನ್ಯಾಸಕಾರರು ಇಟ್ಟುಕೊಂಡಿರುವುದು ಇದಕ್ಕೇ.

ವೇದಿಕೆಯ ಹಿಂದೆಯೂ ಸೀಟುಗಳಿರುವ ಸಭಾಂಗಣಗಳಿವೆ. 1963ರಲ್ಲಿ ತೆರೆದ ಬರ್ಲಿನ್ ಫಿಲ್‌ಹಾರ್ಮೊನಿ ಇವುಗಳಲ್ಲಿ ಪ್ರಸಿದ್ಧ. ಅಲ್ಲಿ ಕೂತರೆ ವಾದ್ಯವೃಂದವನ್ನು ನಡೆಸುವ ನಿರ್ದೇಶಕರ ಮುಖ ಕಾಣುತ್ತದೆ, ಅದೊಂದು ಬೇರೆಯೇ ಮಜಾ. ಬಾಯಿ ಹಿಂದಕ್ಕಿರುವ ಫ್ರೆಂಚ್ ಹಾರ್ನ್ ಜೋರಾಗಿ ಕೇಳುತ್ತದೆ. ಆದರೆ ಹಾಡುಗಾರರಿದ್ದ ದಿನ ಅತ್ತ ಹೋಗಬೇಡಿ. ವ್ಯಂಜನಗಳನ್ನು ಬಿಡಿಸಿ ಕೇಳಿಸುವ ತಾರಸ್ಥಾಯಿಯ ಅಂಶಗಳು ಬಾಯಿಯ ಮುಂದಕ್ಕಷ್ಟೇ ಚಿಮ್ಮುತ್ತವೆ. ಬೆನ್ನಿನ ಕಡೆ ಇರುವವರಿಗೆ ಸಾಹಿತ್ಯ ಕಲಸಿಹೋಗಿರುತ್ತದೆ.

ಮೈಕ್ ಬಂದೊಡನೆ ಈ ಲೆಕ್ಕವೆಲ್ಲ ಜಾಗ ಬದಲಿಸುತ್ತದೆ. ಈಗ ಸದ್ದಿನ ಮೂಲ ಗಾಯಕಿಯಲ್ಲ, ಸ್ಪೀಕರ್. ಅದು ಎಲ್ಲ ದಿಕ್ಕಿಗೂ ಬೀರದೆ ಜನರತ್ತ ಗುರಿಯಿಡುವುದರಿಂದ ಕ್ರಿಟಿಕಲ್ ಡಿಸ್ಟನ್ಸ್ ಹಿಗ್ಗುತ್ತದೆ: ಗುರಿ ಹತ್ತು ಪಟ್ಟು ಮೊನಚಾದರೆ ನಮ್ಮ ಐದೂವರೆ ಮೀಟರ್ ಸುಮಾರು 17 ಆಗುತ್ತದೆ. ಇಂಥ ಕಾರ್ಯಕ್ರಮದಲ್ಲಿ ಗಾಯಕಿಯ ಕಾಲಬುಡದಲ್ಲಿ ನಿಂತವರ ತಲೆಯ ಮೇಲಿಂದ ಮುಖ್ಯ ಸ್ಪೀಕರ್‌ಗಳ ಸದ್ದು ಹಾದುಹೋಗುತ್ತದೆ. ಅವರಿಗೆ ಸಿಗುವುದು ಡ್ರಮ್ಮಿನ ಏಟು, ಕಲಾವಿದರು ತಮ್ಮದನ್ನು ತಾವೇ ಕೇಳಿಕೊಳ್ಳಲು ವೇದಿಕೆಯಲ್ಲಿಟ್ಟ ಮಾನಿಟರ್‌ಗಳ ಸೋರಿಕೆ, ಅಂಚಿನಲ್ಲಿಟ್ಟ ಪುಟ್ಟ ಸ್ಪೀಕರ್‌ಗಳಿಂದ ಬರುವ ಸೊರಗಿದ ದನಿ. ಎದುರುಗಡೆ, ಜನರ ನಡುವೆ ಸದ್ದುಗಳನ್ನು ಹೊಂದಿಸುವ ಮಿಕ್ಸರ್ ಇಟ್ಟುಕೊಂಡಿರುವ ಸೌಂಡ್ ಎಂಜಿನಿಯರ್‌ನ ಆಸುಪಾಸು ನಿಲ್ಲಿ. ಆತ ತನ್ನ ಕಿವಿಗೆ ಸರಿ ಎನಿಸುವಂತೆ ಹದ ಮಾಡುತ್ತಾನೆ, ಆ ಹದ ಪಕ್ಕದಲ್ಲಿರುವವರಿಗೂ ಸಿಗುತ್ತದೆ. ಒಂದು ಎಚ್ಚರಿಕೆ: ವೇದಿಕೆಯ ಎರಡೂ ಬದಿಗೆ ಮಂದ್ರದ ಸದ್ದಿಗೆಂದೇ ಇರುವ ಸಬ್‌ವೂಫರ್ ಇಟ್ಟಿದ್ದರೆ ನಟ್ಟನಡುವಿನ ಗೆರೆಯಲ್ಲಿ ಎರಡರ ಅಲೆಗಳೂ ಕೂಡಿ ಬೇಸ್ ವಿಪರೀತ ಆಗುತ್ತದೆ, ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದರೆ ಒಂದನ್ನೊಂದು ನುಂಗಿ ಸೊರಗುತ್ತದೆ. ಆ ನಾಲ್ಕು ಹೆಜ್ಜೆ ಇಟ್ಟು ನೋಡಲು ಖರ್ಚೇನಿಲ್ಲ.

ಬಯಲಿನಲ್ಲಿ ಗೋಡೆಯೇ ಇಲ್ಲ, ಹಾಗಾಗಿ ಕ್ರಿಟಿಕಲ್ ಡಿಸ್ಟನ್ಸ್ ಎಂಬುದಕ್ಕೂ ಅಲ್ಲಿ ಅರ್ಥವಿಲ್ಲ. ನೂರು ಮೀಟರ್ ಹಿಂದೆ ನಿಂತವರಿಗೆ ಡ್ರಮ್ಮಿನ ಕೋಲು ಬಿದ್ದದ್ದು ಕಂಡು ಸುಮಾರು 0.3 ಸೆಕೆಂಡ್ ಆದ ಮೇಲೆ ಸದ್ದು ಬರುತ್ತದೆ. ದೊಡ್ಡ ಮೈದಾನಗಳಲ್ಲಿ ನಡುವೆ ಸ್ಪೀಕರ್ ಗೋಪುರ ನಿಲ್ಲಿಸಿ, ಅವುಗಳ ಸದ್ದನ್ನು ಬೇಕೆಂದೇ ಅಷ್ಟು ತಡಮಾಡಿ ಬಿಡುತ್ತಾರೆ. ಇಲ್ಲದಿದ್ದರೆ ಗೋಪುರದ ಸದ್ದು ಮುಂಚೆ, ವೇದಿಕೆಯದು ಆಮೇಲೆ ಬಂದು ಹಾಡು ಎರಡೆರಡಾಗಿ ಕೇಳುತ್ತದೆ. ಇಲ್ಲಿಯೂ ಸ್ಪೀಕರ್ ಬುಡದಲ್ಲಿ ನಿಲ್ಲುವ ಹುಮ್ಮಸ್ಸಿನವರು ಇದ್ದೇ ಇರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರಡಿಸಿದ ಮಾನದಂಡದ ಪ್ರಕಾರ ಇಂಥ ಕಾರ್ಯಕ್ರಮಗಳ ಸದ್ದು 15 ನಿಮಿಷಗಳ ಸರಾಸರಿಯಲ್ಲಿ 100 ಡೆಸಿಬೆಲ್ ಮೀರಬಾರದು. ಸ್ಪೀಕರ್ ಹತ್ತಿರ ಹೋಗುವವರು ಇಯರ್‌ಪ್ಲಗ್ ಹಾಕಿಕೊಂಡರೆ ಒಳ್ಳೆಯದು. ಸಂಗೀತಗಾರರಿಗೆಂದೇ ಮಾಡಿದ ಬಗೆಯವು ಸಿಗುತ್ತವೆ, ಅವು ಸ್ವರದ ಬಣ್ಣ ಹೆಚ್ಚು ಕೆಡಿಸದೆ ಮಟ್ಟವನ್ನಷ್ಟೇ ತಗ್ಗಿಸುತ್ತವೆ.