ಪಿಎಚ್‌ಪಿ ಬಿಟ್ಟು ನೋಡ್‌ಗೆ ಹೋಗಬೇಕಾ?

ಪ್ರಶ್ನೆ: ಏಳೆಂಟು ವರ್ಷದಿಂದ ಪಿಎಚ್‌ಪಿ ಭಾಷೆ, ಮೈಎಸ್‌ಕ್ಯೂಎಲ್ ಡೇಟಾಬೇಸ್ ಬಳಸಿ ವೆಬ್‌ಸೈಟ್ ಮಾಡಿಕೊಡುತ್ತಿದ್ದೇನೆ. ಕಾಲೇಜು, ಅಂಗಡಿ, ಸೊಸೈಟಿ ಹೀಗೆ. ಈಗ ಎಲ್ಲರೂ ಜಾವಾಸ್ಕ್ರಿಪ್ಟ್ ಅನ್ನು ಸರ್ವರ್‌ನಲ್ಲಿ ಓಡಿಸುವ ನೋಡ್ ಜೆಎಸ್ ಕಲಿ ಅಂತಾರೆ. ಇರುವುದನ್ನೆಲ್ಲ ಬಿಟ್ಟು ಆ ಕಡೆ ಹೋಗಬೇಕಾ?

ಉತ್ತರ: ಕಲಿಯಿರಿ. ಆದರೆ ಚೆನ್ನಾಗಿ ಓಡುತ್ತಿರುವ ಸೈಟುಗಳನ್ನು ಸುಮ್ನೆ ಕೆದಕಬೇಡಿ.

ಪಿಎಚ್‌ಪಿ ಕಥೆ ಮುಗೀತು ಅನ್ನುವವರು ಹತ್ತು ವರ್ಷದ ಹಿಂದೆಯೂ ಇದ್ದರು. ಇವತ್ತಿಗೂ ಜಗತ್ತಿನ ನೂರು ವೆಬ್‌ಸೈಟುಗಳಲ್ಲಿ ನಲವತ್ತಕ್ಕೂ ಹೆಚ್ಚು ವರ್ಡ್‌ಪ್ರೆಸ್ ಎಂಬ ಸೈಟು ಕಟ್ಟುವ ತಂತ್ರಾಂಶದ ಮೇಲೆ ನಿಂತಿವೆ, ಅದು ಬರೆದಿರುವುದು ಪಿಎಚ್‌ಪಿಯಲ್ಲೇ. ನಿಮ್ಮ ಸೈಟು ನಿಧಾನ ಅನ್ನಿಸಿದರೆ ಮೊದಲು ಯಾವ ಆವೃತ್ತಿ ಓಡುತ್ತಿದೆ ನೋಡಿ. 2015ರ ಕೊನೆಗೆ ಪಿಎಚ್‌ಪಿ 7 ಬಂದಾಗ ಎಷ್ಟೋ ಸೈಟುಗಳ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಆದರೂ 5.6ರಲ್ಲೇ ಉಳಿದ ಸರ್ವರ್‌ಗಳು ಈಗಲೂ ಸಿಗುತ್ತವೆ. ಅದಕ್ಕೆ ಭದ್ರತೆಯ ಅಪ್‌ಡೇಟ್ ನಿಂತಿದ್ದು 2018ರ ಕೊನೆಗೆ. ಇಂಥ ಕಡೆ ಬೇಕಿರುವುದು ಅಪ್‌ಗ್ರೇಡ್, ಹೊಸ ಪ್ಲಾಟ್‌ಫಾರ್ಮ್ ಅಲ್ಲ.

ನೋಡ್ ಅನ್ನು ರಯಾನ್ ಡಾಲ್ 2009ರಲ್ಲಿ ತಂದರು. ಕ್ರೋಮ್ ಬ್ರೌಸರ್‌ನ ಜಾವಾಸ್ಕ್ರಿಪ್ಟ್ ಓಡಿಸುವ ವಿ8 ಎಂಜಿನ್ ತೆಗೆದು ಸರ್ವರ್‌ನಲ್ಲಿ ಕೂರಿಸಿದರು. ಜಾವಾಸ್ಕ್ರಿಪ್ಟ್ ನಿಮಗೆ ಗೊತ್ತೇ ಇರುತ್ತದೆ, ಹಾಗಾಗಿ ಭಾಷೆ ದೊಡ್ಡ ಸಮಸ್ಯೆಯಲ್ಲ. ಕಾಲು ಜಾರುವುದು ಬೇರೆ ಕಡೆ.

ಪಿಎಚ್‌ಪಿ ಸಂತೆಯ ಅಂಗಡಿ ಇದ್ದ ಹಾಗೆ. ಒಂದು ರಿಕ್ವೆಸ್ಟ್ (ಪೇಜ್ ಬೇಕೆಂಬ ಕೋರಿಕೆ) ಬಂತು, ಕೋಡ್ ಮೊದಲಿಂದ ಶುರುವಾಯಿತು, ಪೇಜ್ ಕೊಟ್ಟಿತು, ಎಲ್ಲ ಗಂಟುಕಟ್ಟಿ ಎದ್ದುಹೋಯಿತು. ಮುಂದಿನ ರಿಕ್ವೆಸ್ಟ್‌ಗೆ ಜಾಗ ಖಾಲಿ, ಹಿಂದಿನ ಕಸ ಒಂದೂ ಇಲ್ಲ. ನೋಡ್ ಹಾಗಲ್ಲ. ಪ್ರೋಗ್ರಾಂ ಒಮ್ಮೆ ಶುರುವಾದರೆ ದಿನಗಟ್ಟಲೆ ಓಡುತ್ತಲೇ ಇರುತ್ತದೆ, ಎಲ್ಲರ ರಿಕ್ವೆಸ್ಟೂ ಅದರೊಳಗೇ ಬರುತ್ತವೆ.

ಇದರಿಂದ ಏನಾಗುತ್ತದೆ ನೋಡಿ. ಲಾಗಿನ್ ಆದವರ ಐಡಿಯನ್ನು ಫೈಲಿನ ಮೇಲ್ಗಡೆ ಒಂದು ಗ್ಲೋಬಲ್ ವೇರಿಯಬಲ್‌ನಲ್ಲಿ (ಕೋಡ್‌ನ ಎಲ್ಲ ಕಡೆಗೂ ಸಿಗುವ ಹೆಸರಿಟ್ಟ ಜಾಗ) ಇಟ್ಟಿದ್ದೀರಿ ಅಂದುಕೊಳ್ಳಿ. ಪಿಎಚ್‌ಪಿಯಲ್ಲಿ ತೊಂದರೆಯಿಲ್ಲ. ನೋಡ್‌ನಲ್ಲಿ ರಮೇಶ ಲಾಗಿನ್ ಆದ, ವೇರಿಯಬಲ್‌ನಲ್ಲಿ ಅವನ ಐಡಿ ಕೂತಿತು. ಕೋಡ್ ಡೇಟಾಬೇಸ್‌ಗೆ ಏನೋ ಕೇಳಿ ಅವೇಟ್‌ನಲ್ಲಿ, ಅಂದರೆ ಉತ್ತರಕ್ಕೆ ಕಾಯುತ್ತಾ, ನಿಂತಿತು. ಅಷ್ಟರಲ್ಲಿ ಸುಮಾಳ ರಿಕ್ವೆಸ್ಟ್ ಬಂದು ಅದೇ ವೇರಿಯಬಲ್‌ಗೆ ಅವಳ ಐಡಿ ಬರೆಯಿತು. ರಮೇಶನ ಕೋಡ್ ಮುಂದುವರಿದಾಗ ಅವನ ಪೇಜಿನಲ್ಲಿ ಸುಮಾಳ ಫೀಸ್ ರಸೀದಿ! ನೀವೊಬ್ಬರೇ ಲ್ಯಾಪ್‌ಟಾಪ್‌ನಲ್ಲಿ ಟೆಸ್ಟ್ ಮಾಡಿದರೆ ಈ ತಪ್ಪು ಕಾಣಿಸುವುದೇ ಇಲ್ಲ. ಅಡ್ಮಿಷನ್ ದಿನ ಕಾಣಿಸುತ್ತದೆ.

ಇನ್ನೊಂದು. ಪಿಎಚ್‌ಪಿಯಲ್ಲಿ ಎರರ್ ಬಂದರೆ ಆ ಒಂದು ಪೇಜ್ ಕೆಡುತ್ತದೆ. ನೋಡ್‌ನಲ್ಲಿ ಹಿಡಿಯದೆ ಬಿಟ್ಟ ಒಂದು ಎರರ್ ಇಡೀ ಪ್ರೋಗ್ರಾಂ ಅನ್ನೇ ಮಲಗಿಸಬಹುದು. ಮತ್ತೆ ಎಬ್ಬಿಸಲು ಪ್ರೋಗ್ರಾಂ ಮೇಲೆ ಕಣ್ಣಿಡುವ ಪಿಎಂ2 ಅಥವಾ ಸಿಸ್ಟಂಡಿಯಂಥ ಉಪಕರಣ ಇಟ್ಟಿರಲೇಬೇಕು. ಐನೂರು ಮಾರ್ಕ್ಸ್ ಕಾರ್ಡ್‌ಗಳ ಪಿಡಿಎಫ್ ಮಾಡುವಂಥ ಭಾರದ ಕೆಲಸವನ್ನು ನೋಡ್ ಎಲ್ಲರ ಕೋಡ್ ಓಡಿಸುವ ಅದೇ ಒಂದು ಥ್ರೆಡ್‌ಗೆ (ಕೆಲಸದ ಸಾಲಿಗೆ) ಕೊಟ್ಟರಂತೂ ಅದು ಮುಗಿಯುವವರೆಗೆ ಉಳಿದವರೆಲ್ಲ ಕಾಯಬೇಕು.

ಹಾಗಾದರೆ ಲಾಭ ಎಲ್ಲಿ? ಕಾಯುವ ಕೆಲಸ ಜಾಸ್ತಿ ಇರುವಲ್ಲಿ. ಚಾಟ್, ಲೈವ್ ಸ್ಕೋರ್, ಬಸ್ ಎಲ್ಲಿದೆ ಅಂತ ತೋರಿಸುವ ಮ್ಯಾಪ್ ಇಂಥವಕ್ಕೆ ಕನೆಕ್ಷನ್ ತೆರೆದೇ ಇರಬೇಕು. ಸಾಮಾನ್ಯ ಪಿಎಚ್‌ಪಿ ಸರ್ವರ್‌ನಲ್ಲಿ ಹೀಗೆ ತೆರೆದ ಒಂದೊಂದು ಕನೆಕ್ಷನ್ ಒಂದೊಂದು ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಂ) ಹಿಡಿದು ಕೂರುತ್ತದೆ. ಐವತ್ತಕ್ಕೆ ಮಿತಿ ಹಾಕಿದ್ದರೆ ಐವತ್ತೊಂದನೆಯವರು ಹೊರಗೆ ನಿಲ್ಲಬೇಕು. ನೋಡ್ ಸಾವಿರಾರು ಕನೆಕ್ಷನ್‌ಗಳನ್ನು ಕಡಿಮೆ ಮೆಮೊರಿಯಲ್ಲೇ ನಿಭಾಯಿಸುತ್ತದೆ. ಸೊಸೈಟಿಯ ಸೈಟಿನಲ್ಲಿ ಫೋಟೋ, ಬಡ್ಡಿದರ, ಫೋನ್ ನಂಬರ್ ಇಷ್ಟೇ ಇದ್ದರೆ ಈ ಶಕ್ತಿಯಿಂದ ಏನೂ ಸಿಗದು.

ಎನ್‌ಪಿಎಂ ಪ್ಯಾಕೇಜುಗಳ (ಬೇರೆಯವರು ಬರೆದು ಹಂಚುವ ಸಿದ್ಧ ಕೋಡ್) ಬಗ್ಗೆ ಸ್ವಲ್ಪ ಜಿಪುಣರಾಗಿರಿ. 2016ರ ಮಾರ್ಚ್‌ನಲ್ಲಿ ಲೆಫ್ಟ್‌ಪ್ಯಾಡ್ ಎಂಬ ಹನ್ನೊಂದು ಸಾಲಿನ ಪ್ಯಾಕೇಜನ್ನು ಬರೆದವರೇ ತೆಗೆದುಹಾಕಿದಾಗ, ಅದನ್ನು ನಂಬಿದ್ದ ಎಷ್ಟೋ ಪ್ರಾಜೆಕ್ಟುಗಳ ಬಿಲ್ಡ್ (ಕೋಡ್ ಜೋಡಿಸಿ ಸಿದ್ಧಪಡಿಸುವ ಕೆಲಸ) ಕೆಟ್ಟು ನಿಂತಿತು. ಹನ್ನೊಂದು ಸಾಲು ನೀವೇ ಬರೆದುಕೊಳ್ಳಬಹುದು, ಅಲ್ವಾ?

ನೋಡ್‌ಗಿಂತ ಹೊಸದೂ ಇವೆ. ಡಾಲ್ ಅವರೇ 2018ರಲ್ಲಿ ನೋಡ್‌ನಲ್ಲಿ ತಾವು ಮಾಡಿದ ತಪ್ಪುಗಳನ್ನು ವೇದಿಕೆಯಲ್ಲಿ ಪಟ್ಟಿ ಮಾಡಿ ಡೀನೋ ಎಂಬ ಹೊಸ ಪ್ಲಾಟ್‌ಫಾರ್ಮ್ ತೋರಿಸಿದರು. 2023ರಲ್ಲಿ ಅಂಥದ್ದೇ ಇನ್ನೊಂದಾದ ಬನ್‌ನ 1.0 ಆವೃತ್ತಿ ಬಂತು. ಎರಡನ್ನೂ ಆಡಿ ನೋಡಿ, ಖುಷಿಯಾಗುತ್ತದೆ. ಗ್ರಾಹಕರ ಕೆಲಸಕ್ಕೆ ಮಾತ್ರ ಸದ್ಯಕ್ಕೆ ನೋಡ್‌ನ ಎಲ್‌ಟಿಎಸ್ (ದೀರ್ಘಕಾಲ ಅಪ್‌ಡೇಟ್ ಸಿಗುವ) ಆವೃತ್ತಿಯೇ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಶುರು ಮಾಡುವುದಾದರೆ ಇಡೀ ಸೈಟು ಬೇಡ, ಒಂದು ತುಂಡು ಸಾಕು. ಉದಾಹರಣೆಗೆ ನೋಟಿಫಿಕೇಶನ್ ಭಾಗವೊಂದನ್ನೇ ನೋಡ್‌ನಲ್ಲಿ ಬರೆಯಿರಿ. ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್‌ನಲ್ಲಿ ಆ ವಿಳಾಸವನ್ನಷ್ಟೇ ಅದಕ್ಕೆ ತಿರುಗಿಸಿ, ಉಳಿದಿದ್ದು ಪಿಎಚ್‌ಪಿಯಲ್ಲೇ ಇರಲಿ. ಡೇಟಾಬೇಸ್ ಎರಡಕ್ಕೂ ಒಂದೇ. ಸೆಷನ್ (ಯಾರು ಲಾಗಿನ್ ಆಗಿದ್ದಾರೆ ಎಂಬ ನೆನಪು) ಮಾತ್ರ ತಲೆ ತಿನ್ನುತ್ತದೆ: ಪಿಎಚ್‌ಪಿ ಬರೆದಿಡುವ ಸೆಷನ್ ಫೈಲನ್ನು ನೋಡ್ ತಾನಾಗಿ ಓದುವುದಿಲ್ಲ. ಲಾಗಿನ್ ಟೋಕನ್ ಅನ್ನು ಡೇಟಾಬೇಸ್ ಅಥವಾ ರೆಡಿಸ್ ಎಂಬ ಮೆಮೊರಿ ಸ್ಟೋರ್‌ನಲ್ಲಿ ಇಟ್ಟುಬಿಟ್ಟರೆ ಇಬ್ಬರೂ ನೋಡಿಕೊಳ್ಳಬಹುದು.

ಕೊನೆಗೆ ಹೋಸ್ಟಿಂಗ್. ಅಗ್ಗದ ಶೇರ್ಡ್ ಹೋಸ್ಟಿಂಗ್‌ನಲ್ಲಿ ಎಫ್‌ಟಿಪಿಯಿಂದ ಫೈಲ್ ಹಾಕಿ ಮನೆಗೆ ಹೋಗುವ ಸುಖ ನೋಡ್‌ನಲ್ಲಿ ಕಡಿಮೆ. ಸಾಮಾನ್ಯವಾಗಿ ವಿಪಿಎಸ್ (ನೀವೇ ನೋಡಿಕೊಳ್ಳುವ ವರ್ಚುವಲ್ ಸರ್ವರ್) ತೆಗೆದುಕೊಳ್ಳಬೇಕಾಗುತ್ತದೆ. ಆಮೇಲೆ ಅಪ್‌ಡೇಟ್, ಫೈರ್‌ವಾಲ್, ಬ್ಯಾಕಪ್ ಎಲ್ಲ ನಿಮ್ಮ ತಲೆಗೇ. ಕೊಟೇಶನ್ ಕೊಡುವಾಗಲೇ ತಿಂಗಳು ತಿಂಗಳ ಆ ಖರ್ಚನ್ನು ಬೇರೆ ಸಾಲಿನಲ್ಲಿ ಬರೆದುಕೊಡಿ. ಸೈಟು ಶುರುವಾದ ಮೇಲೆ ಕೇಳಿದರೆ ಯಾವ ಸೊಸೈಟಿಯವರೂ ಕೊಡುವುದಿಲ್ಲ.