ಬದುಕಿದ ಸಸಿಗೆ ದುಡ್ಡು, ಉಳಿಸಿದ ಮರಕ್ಕೆ?

ಕೊಪ್ಪಳ, ರಾಯಚೂರು ಕಡೆ ಹೊಲದ ಒಡ್ಡಿನ ಮೇಲಿರುವ ಬೇವು, ಬನ್ನಿ, ಕರಿಜಾಲಿ ಹೆಚ್ಚಾಗಿ ಯಾರೂ ನೆಟ್ಟವಲ್ಲ. ತಾವಾಗಿ ಹುಟ್ಟಿದವು, ರೈತ ಕಡಿಯದೆ ಬಿಟ್ಟಿದ್ದರಿಂದ ಉಳಿದವು. ಸಸಿ ನೆಟ್ಟು ಬದುಕಿಸಿದವರಿಗೆ ಅರಣ್ಯ ಇಲಾಖೆ ಕೊಡುವ ಪ್ರೋತ್ಸಾಹಧನ ಹೀಗೆ ಉಳಿಸಿದವರಿಗೆ ಏಕೆ ಸಿಗುತ್ತಿಲ್ಲ ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊದಲು ಬಂದದ್ದು ಕಾನೂನು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಸ್ವಂತ ಹೊಲದ ಮರ ಕಡಿಯಲಿಕ್ಕೂ ಅನುಮತಿ ಬೇಕು. ನೀಲಗಿರಿ, ಸುಬಾಬುಲ್, ಬಳ್ಳಾರಿ ಜಾಲಿಯಂಥ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಉದ್ದೇಶ ಒಳ್ಳೆಯದೇ. ಆದರೆ ಮರ ದೊಡ್ಡದಾದರೆ ಅರ್ಜಿ, ಅಲೆದಾಟ; ಸಣ್ಣದಿದ್ದಾಗಲೇ ಕಿತ್ತರೆ ತಾಪತ್ರಯವಿಲ್ಲ ಎಂಬ ಲೆಕ್ಕಾಚಾರಕ್ಕೂ ಅದು ದಾರಿಮಾಡಿತು. ಶ್ರೀಗಂಧದ್ದು ಇನ್ನೂ ಕಷ್ಟ: 2001ರ ತಿದ್ದುಪಡಿಯವರೆಗೆ ಹೊಲದಲ್ಲಿ ಬೆಳೆದ ಗಂಧದ ಮರವೂ ರೈತನದಾಗಿರಲಿಲ್ಲ.

1983ರ ಹೊತ್ತಿಗೆ ವಿಶ್ವಬ್ಯಾಂಕ್ ನೆರವಿನ ಸಾಮಾಜಿಕ ಅರಣ್ಯ ಯೋಜನೆ ಬಂತು. ಸಸಿ ಧಾರಾಳವಾಗಿ ಹಂಚಿದರು, ನೀಲಗಿರಿಯೇ ಹೆಚ್ಚು.

ದಿಕ್ಕು ಬದಲಾದದ್ದು 2011-12ರಲ್ಲಿ, ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಿಂದ. ಇಲ್ಲಿ ಹಣ ಬದುಕುಳಿದ ಸಸಿಗೆ. ವಲಯ ಅರಣ್ಯ ಕಚೇರಿಯಲ್ಲಿ ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಕೊಟ್ಟು ಹೆಸರು ನೋಂದಾಯಿಸಿ, ಇಲಾಖೆಯ ನರ್ಸರಿಯಿಂದಲೇ ರಿಯಾಯಿತಿ ದರದಲ್ಲಿ ಸಸಿ ಒಯ್ಯಬೇಕು. ವರ್ಷ ಕಳೆದ ಮೇಲೆ ಸಿಬ್ಬಂದಿ ಹೊಲಕ್ಕೆ ಬಂದು ಎಣಿಸುತ್ತಾರೆ. ಮೊದಲು ಮೂರು ವರ್ಷಕ್ಕೆ ಸಸಿಗೆ 10, 15, 20 ರೂಪಾಯಿ ಇತ್ತು. ಮುಂದೆ ಅದನ್ನು 35, 40, 50ಕ್ಕೆ ಏರಿಸಿದರು, ಒಟ್ಟು 125. ನೂರು ಸಸಿಯಲ್ಲಿ ಅರವತ್ತು ಮೂರೂ ವರ್ಷ ಉಳಿದರೆ 7,500 ರೂಪಾಯಿ.

ಆ ಅರವತ್ತನ್ನು ಉಳಿಸುವುದೇ ಇಲ್ಲಿ ದೊಡ್ಡ ಕೆಲಸ. ಎರೆ ಹೊಲ ಬೇಸಿಗೆಯಲ್ಲಿ ಬಿರಿದು ಎಳೆ ಬೇರನ್ನೇ ಹರಿಯುತ್ತದೆ; ಆದ್ದರಿಂದ ಒಂದೂವರೆ ಅಡಿ ಗುಂಡಿಗೆ ಮಸಾರಿ ಮಣ್ಣು, ಗೊಬ್ಬರ ಬೆರೆಸಿ ತುಂಬಿ, ಬುಡಕ್ಕೆ ಸೊಪ್ಪು ಹೊದಿಸಬೇಕು. ಮಾರ್ಚ್‌ನಿಂದ ಮಳೆ ಬರುವತನಕ ಎಂಟು-ಹತ್ತು ದಿನಕ್ಕೊಮ್ಮೆ ಗಿಡಕ್ಕೆ ಹತ್ತು ಲೀಟರ್ ಅಂದರೂ ನೂರು ಗಿಡಕ್ಕೆ ಸಲಕ್ಕೆ ಸಾವಿರ ಲೀಟರ್. ಬೋರ್ ಇಲ್ಲದವರು ಟ್ಯಾಂಕರ್ ತರಿಸಿದರೆ ಪ್ರೋತ್ಸಾಹಧನ ನೀರಿಗೇ ಹೋಗುತ್ತದೆ. ಸುಗ್ಗಿ ಮುಗಿದು ಕುರಿ ಹಿಂಡು ಹೊಲಕ್ಕಿಳಿದರೆ, ಕೂಳೆಗೆ ಬೆಂಕಿ ಬಿದ್ದರೆ ಒಂದೇ ದಿನದಲ್ಲಿ ಸಾಲು ಸಾಲೇ ಖಾಲಿ. ಬಳ್ಳಾರಿ ಜಾಲಿಯ ಮುಳ್ಳು ಕಡಿದು ಪ್ರತಿ ಗಿಡಕ್ಕೂ ಒತ್ತಾಗಿ ಸುತ್ತುವುದು ಖರ್ಚಿಲ್ಲದ, ನಂಬಬಹುದಾದ ಕಾವಲು.

ಇಷ್ಟೆಲ್ಲ ಪಟ್ಟರೂ ಹಣ ಹೊಸ ಸಸಿಗೆ ಮಾತ್ರ. ಅದೇ ಒಡ್ಡಿನ ಮೂವತ್ತು ವರ್ಷದ ಬೇವು ನೀರು ಕೇಳುವುದಿಲ್ಲ, ನೆಲದೊಳಗೆ ಬೇರು ಬಿಟ್ಟಾಗಿದೆ. ಆದರೆ ಕಾಲುವೆ ಕೆಳಗಿನ ಗದ್ದೆಯಾದರೆ ನೆರಳಿನಿಂದ ಭತ್ತದ ಇಳುವರಿ ತಗ್ಗುತ್ತದೆ, ಆ ನಷ್ಟ ಪೂರ್ತಿ ರೈತನದು. ಗುಡ್ಡದ ಓರೆಯ ಪಟ್ಟಾ ಜಮೀನಿನಲ್ಲಿ ಕುರುಚಲನ್ನು ಹಾಗೇ ಬಿಟ್ಟವನಿಗೂ ಹಣವಿಲ್ಲ. ಸಸಿ ಎಣಿಸಲು ಬರುವ ಸಿಬ್ಬಂದಿಯೇ ನಿಂತ ಮರದ ಸುತ್ತಳತೆ ಅಳೆದು ಪಹಣಿಗೆ ಏರಿಸಲು ಶಿಫಾರಸು ಮಾಡಲಿ, ವರ್ಷ ವರ್ಷ ಅದು ನಿಂತಿದ್ದರೆ ಅದಕ್ಕೂ ಹಣ ಬರಲಿ. ಕಡಿಯಲು ಅರ್ಜಿ ಹಾಕುವ ದಿನ ಮರ ತನ್ನದೇ ಎಂದು ತೋರಿಸಲಿಕ್ಕೂ ಆ ದಾಖಲೆ ರೈತನಿಗೆ ಬೇಕಾಗುತ್ತದೆ.